ತಟ್ಟೆಯಲ್ಲಿ ಇಲ್ಲದ ತುಂಡು

ತಾನು ಸರಿಯಾಗಿ ನೋಡಲಿಲ್ಲವೇನೋ. ಅಥವಾ ಇಷ್ಟು ವರ್ಷದ ಪೊಲೀಸ್ ಕೆಲಸದಲ್ಲಿ ಅನುಮಾನದ ಚಾಳಿ ಊಟದ ತಟ್ಟೆಯವರೆಗೂ ಬಂದುಬಿಟ್ಟಿದೆಯೇನೋ.

ಝಾಡಿಗೆರ್ ಮತ್ತೊಮ್ಮೆ ತಟ್ಟೆಯ ಮೇಲೆ ಕಣ್ಣು ಹಾಯಿಸಿದ. ತೆಳ್ಳಗೆ ಲಟ್ಟಿಸಿ ಬೇಯಿಸಿದ ಹಿಟ್ಟಿನ ಹಾಳೆಗಳು, ಮೇಲೆ ಈರುಳ್ಳಿ, ಅದರ ಮೇಲೆ ಕುರಿ. ಸೊಂಟದ ಮೂಳೆ ಇದೆ. ತೊಡೆ ಇದೆ. ಭುಜದ ಹಲಗೆ, ಪಕ್ಕೆಲುಬು, ಬೆನ್ನಿನ ಗಂಟುಗಳು ಎಲ್ಲ ಇವೆ. ತಲೆ ಬೇರೊಂದು ತಟ್ಟೆಯಲ್ಲಿ ಅವನ ಎದುರಿಗೇ ಕೂತು ಅವನನ್ನೇ ನೋಡುತ್ತಿದೆ.

ಎದೆಯ ತುಂಡು ಇಲ್ಲ.

ಬೆಳಿಗ್ಗೆ ಜೀಪು ಬಂದು ನಿಂತಾಗ ಕುರಿ ಇನ್ನೂ ಮೇಯುತ್ತಿತ್ತು. ಮನೆಯ ಯಜಮಾನ, ರೈಲ್ವೆ ಕ್ರಾಸಿಂಗ್ ಕಾಯುವ ಕುವಾಂಡಿಕ್ ಅದನ್ನು ಅತಿಥಿಗಳ ಮುಂದೆ ತಂದು ನಿಲ್ಲಿಸಿ, ಅಂಗೈ ಚಾಚಿ ಹರಸುವ ಮಾತು ಕೇಳಿ, ಆಮೇಲೆ ಹಿತ್ತಿಲಿಗೆ ಒಯ್ದಿದ್ದ. ಇಡೀ ಕುರಿ. ಬಂದವರು ಇಬ್ಬರೇ. ಮಧ್ಯೆ ಬೇರೆ ಯಾರೂ ಬಂದು ತಿಂದು ಹೋಗಿಲ್ಲ.

ಎದೆ ಅಳಿಯನ ಪಾಲು. ಅಳಿಯನಿಲ್ಲದ ಮನೆಯಲ್ಲಿ ಅದು ಉಳಿದ ಮಾಂಸದ ಜೊತೆಗೇ ತಟ್ಟೆಗೆ ಬೀಳುತ್ತದೆ. ಅಳಿಯನಿರುವ ಮನೆಯಲ್ಲಿ ಅವನು ಎಷ್ಟು ದೂರದಲ್ಲಿದ್ದರೂ ಅದನ್ನು ಬೇರೆಯವರ ಮುಂದೆ ಇಡುವುದಿಲ್ಲ. ಎತ್ತಿಡುತ್ತಾರೆ.

ಹಾಗಾದರೆ ಯಾರಿಗಾಗಿ ಎತ್ತಿಟ್ಟಿದ್ದಾರೆ?

"ಝಾಕೆ, ತಲೆ ಕೊಯ್ತೀಯೋ ಇಲ್ಲಾ ಅದರ ಹೇಳಿಕೆ ಬರ್ಕೊಳ್ತೀಯೋ?" ಪಕ್ಕದಲ್ಲಿದ್ದ ಮರ್ಗುಲಾನ್ ಮೊಣಕೈಯಿಂದ ತಿವಿದ. "ನಮ್ಮಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಇಲ್ಲದಿದ್ರೆ ನಾನೇ ತಗೊಳ್ತಿದ್ದೆ. ಹೊಟ್ಟೆ ಹಸೀತಿದೆ ಮಾರಾಯಾ."

ತಂದೆ ಬದುಕಿರುವವನು ಕುರಿಯ ತಲೆಗೆ ಕೈ ಹಾಕುವುದಿಲ್ಲ. ಝಾಡಿಗೆರ್‌ನ ತಂದೆ ತೀರಿಹೋಗಿ ಬಹಳ ವರ್ಷವಾಯಿತು. ಅವನು ಚಾಕು ತೆಗೆದುಕೊಂಡು ಬಲಗಿವಿಯನ್ನು ಕೊಯ್ದು ಬದಿಗಿಟ್ಟ. ಆಮೇಲೆ ಕೆನ್ನೆಯ ಮಾಂಸ. ಕೈ ತನ್ನ ಕೆಲಸ ಮಾಡುತ್ತಿತ್ತು. ಕಣ್ಣು ಗೋಡೆಯ ಮೇಲಿತ್ತು.

ಗೋಡೆಯ ಮೇಲೆ ಹಳೆಯ ಕಪ್ಪು ಟೆಲಿಫೋನು. ಅದಕ್ಕೆ ಅಂಕಿಗಳಿಲ್ಲ. ಎತ್ತಿದರೆ ಅಕ್ಕುಮ್ ಬಂದರಿನ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಹೊಡೆಯುತ್ತದೆ, ಬೇರೆಲ್ಲೂ ಇಲ್ಲ.

ಮೂರು ವಾರದ ಹಿಂದೆ, ಮರಳುಗಾಳಿ ಎದ್ದ ಸಂಜೆ, ಆ ಟೆಲಿಫೋನನ್ನು ಯಾರೋ ಎತ್ತಿದ್ದರು. 'ಹಳಿ ಬದಲಿಸೋ ಪಾಯಿಂಟಿಗೆ ಮರಳು ತುಂಬಿದೆ, ಗಾಡಿ ನಿಲ್ಲಿಸಿ' ಎಂದಿದ್ದರು. ಬಂದರಿನಲ್ಲಿ ಕೂತಿದ್ದ ತೊಲ್ಕಿನ್ ನಂಬಿ, ಒಳನಾಡಿಗೆ ಹೊರಟಿದ್ದ ಕಂಟೇನರ್ ರೈಲನ್ನು ಇಲ್ಲಿ, ತಸ್‌ಕುದುಕ್ ಎಂಬ ಈ ಒಂಟಿ ಕ್ರಾಸಿಂಗಿನಲ್ಲಿ, ಗಾಳಿ ಇಳಿಯುವ ತನಕ ನಿಲ್ಲಿಸಿದ್ದಳು. ಆ ಹೊತ್ತಿನಲ್ಲೇ ಒಂದು ಕಂಟೇನರು ಖಾಲಿಯಾಗಿ ಮತ್ತೆ ತುಂಬಿತ್ತು. ಕರಾಬುಲಾಕ್‌ನಲ್ಲಿ, ಗಾಡಿಯ ಕೊನೆಯ ನಿಲ್ದಾಣದಲ್ಲಿ, ಬಾಗಿಲು ತೆರೆದಾಗ ಆಸ್ಪತ್ರೆಗೆ ಬರಬೇಕಿದ್ದ ರಕ್ತ ಶುದ್ಧಿ ಮಾಡುವ ಯಂತ್ರಗಳಿರಲಿಲ್ಲ. ಅಚ್ಚುಕಟ್ಟಾಗಿ ಜೋಡಿಸಿದ ಚಿಪ್ಪುಗಲ್ಲುಗಳಿದ್ದವು. ತೂಕ ಸರಿಯಾಗಿತ್ತು. ಸೀಲು ಹಾಗೇ ಇತ್ತು. ಬಾಗಿಲ ಹಿಡಿಯ ರಿವೆಟ್ಟುಗಳ ನೀಲಿ ಬಣ್ಣ ಮಾತ್ರ ಸುತ್ತಲಿನ ನೀಲಿಗಿಂತ ಒಂದಿಷ್ಟು ಹೊಸದು. ಕಳ್ಳರು ಸೀಲಿನ ತಂಟೆಗೇ ಹೋಗಿರಲಿಲ್ಲ. ರಿವೆಟ್ಟು ಕೊರೆದು ಹಿಡಿಯನ್ನೇ ಬಿಚ್ಚಿ, ಮತ್ತೆ ಕೂರಿಸಿದ್ದರು.

ಈಗ ತೊಲ್ಕಿನ್ ಬಂದರಿನ ಠಾಣೆಯಲ್ಲಿದ್ದಾಳೆ. ಗಾಡಿ ನಿಲ್ಲಿಸಿದವಳು ಅವಳು, ಕರೆ ಬಂತೆಂದು ಹೇಳುವವಳೂ ಅವಳೇ. ಕುವಾಂಡಿಕ್ ತಾನು ಕರೆ ಮಾಡಿಲ್ಲ ಎನ್ನುತ್ತಾನೆ. ಆ ದಿನ ದೂರದ ಹಳ್ಳಿಯಲ್ಲಿ ಅವನು ಮಣ್ಣಿಗೆ ಹೋಗಿದ್ದಕ್ಕೆ ಊರಿಗೆ ಊರೇ ಸಾಕ್ಷಿ. ಸೋಮವಾರದೊಳಗೆ ಬೇರೆ ದಾರಿ ಸಿಗದಿದ್ದರೆ ಅವಳನ್ನು ನಗರದ ಜೈಲಿಗೆ ಕಳಿಸುತ್ತಾರೆ. ಇವತ್ತು ಶನಿವಾರ.

'ಆ ದನಿ ನನ್ನನ್ನ ಅಕ್ಕಾ ಅಂತ ಕರೀತು' ಎಂದು ತೊಲ್ಕಿನ್ ಮೊದಲ ದಿನವೇ ಹೇಳಿದ್ದಳು. 'ಕುವಾಂಡಿಕ್ ತಾತ ಯಾವತ್ತೂ ಮಗಳೇ ಅಂತಾರೆ. ಗಾಳಿಯ ಗದ್ದಲದಲ್ಲಿ ನಾನು ಗಮನ ಕೊಡಲಿಲ್ಲ. ಅದೇ ನನ್ನ ತಪ್ಪು.'

ಅವಳ ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ಝಾಡಿಗೆರ್ ಮಾತ್ರ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದಾನೆ. ಅಂದರೆ ಯುವಕ. ಈ ಮನೆಯೊಳಗೆ ಬಂದು, ಯಾರ ಅಡ್ಡಿಯೂ ಇಲ್ಲದೆ ಗೋಡೆಯ ಟೆಲಿಫೋನು ಎತ್ತುವಷ್ಟು ಸಲಿಗೆಯ ಯುವಕ.

"ತಿನ್ನಿ, ತಿನ್ನಿ." ಮನೆಯೊಡತಿ ಉಲ್ಪಾನ್ ಟೀ ಬಟ್ಟಲನ್ನು ಚಾಚಿದಳು. ಬಿಳಿ ತಲೆವಸ್ತ್ರದೊಳಗೆ ಬಿಸಿಲಿಗೆ ಸುಟ್ಟ ಚಿಕ್ಕ ಮುಖ. "ಮಾತಾಡ್ತಾ ಕೂತ್ರೆ ಕೊಬ್ಬು ಹೆಪ್ಪುಗಟ್ಟುತ್ತೆ."

"ಅಪಾ, ನಾನು ವಾರಕ್ಕೆರಡು ಸಲ ಈ ಮನೆ ಮುಂದೆ ಹೋಗ್ತೀನಿ," ಮರ್ಗುಲಾನ್ ಬಾಯಿ ತುಂಬ ಮಾಂಸ ಇಟ್ಟುಕೊಂಡೇ ಹೇಳಿದ. "ಒಂದು ದಿನ ಇಳಿದು ಟೀ ಕುಡಿಯೋಕೂ ಪುರುಸೊತ್ತಾಗಿಲ್ಲ. ಇವತ್ತು ಇವನ ಟೋಪಿ ದೆಸೆಯಿಂದ ಕುರಿಯೇ ಬಿತ್ತು. ನಾನೂ ಪೊಲೀಸ್ ಕೆಲಸಕ್ಕೇ ಸೇರ್ಬೇಕಿತ್ತು."

"ನಿಮ್ಮ ಎರಡನೇ ಹಳಿ ಬಂದ್ರೆ ಪುರುಸೊತ್ತೇ ಪುರುಸೊತ್ತು," ಎಂದ ಕುವಾಂಡಿಕ್. "ಗಾಡಿಗಳು ಇಲ್ಲಿ ನಿಲ್ಲೋದೇ ಇಲ್ಲ. ನಾನೂ ನಿಲ್ಲೋದು ಬೇಡ."

"ನಿಮಗೆ ಕರಾಬುಲಾಕ್‌ನಲ್ಲಿ ಕೆಲಸ ಕೊಡಿಸ್ತೀನಿ ತಾತ. ಮರದ ನೆರಳಲ್ಲಿ ಕೂರೋ ಕೆಲಸ."

"ಕೂತು ಅಭ್ಯಾಸ ಇಲ್ಲ ನಂಗೆ."

ಮರ್ಗುಲಾನ್ ನಕ್ಕ. ಹೊಸ ಹಳಿಯ ಮುಖ್ಯ ಎಂಜಿನಿಯರ್ ಅವನು, ಝಾಡಿಗೆರ್‌ನ ಜೊತೆ ಓದಿದವನು. ಟೀ ಗುಟುಕರಿಸಿ ಹುಬ್ಬೇರಿಸಿದ. "ಟೀ ಎಷ್ಟು ಚೆನ್ನಾಗಿದೆ! ನಮ್ಮ ಕ್ಯಾಂಪಿನದು ಕಡಲನ್ನೇ ಕಾಯಿಸಿದ ಹಾಗಿರುತ್ತೆ. ನೀರೆಲ್ಲಿಂದ ತರಿಸ್ತೀರಿ?"

"ದೇವರು ಕೊಡ್ತಾನೆ," ಎಂದು ಮುದುಕ ಮಾಂಸದತ್ತ ತಿರುಗಿದ.

ಝಾಡಿಗೆರ್ ಕೇಳಿದ. "ನಿಮಗೆ ಮಗಳೊಬ್ಬಳೇ ಅಲ್ವಾ?"

"ಒಬ್ಬಳೇ. ಬಲ್‌ಝಾನ್. ಬಂದರಿನಲ್ಲಿ ನರ್ಸ್ ಓದ್ತಿದ್ದಾಳೆ. ಅದೆಲ್ಲ ಮೊದಲು ಬಂದ ಪೊಲೀಸರಿಗೆ ಹೇಳಿದೀನಲ್ಲ ಸಾಹೇಬ್ರೇ."

ಹೇಳಿದ್ದ. ಅಷ್ಟೇ ಹೇಳಿದ್ದ. ಮದುವೆಯ ಮಾತನ್ನು ಪೊಲೀಸರು ಕೇಳಿರಲಿಲ್ಲ, ಮುದುಕ ಎತ್ತಿರಲಿಲ್ಲ. ಉಲ್ಪಾನ್ ಟೀ ಸೋಸುತ್ತಿದ್ದವಳು ಒಂದು ಕ್ಷಣ ಕೈ ತಡೆದಳು. ಗಂಡನ ಮುಖ ನೋಡಿದಳು, ಆಮೇಲೆ ಝಾಡಿಗೆರ್‌ನ ಮುಖ. ಏನನ್ನೋ ಕಾಯುವವಳ ನೋಟ ಅದು. ಹೆದರಿದವರು ಹಾಗೆ ನೋಡುವುದಿಲ್ಲ.

ಆ ನೋಟ ಅವನಿಗೆ ಅರ್ಥವಾಗಲಿಲ್ಲ.

*

ಊಟವಾದ ಮೇಲೆ ಇಬ್ಬರೂ ಹೊರಗೆ ಬಂದರು. ಏಪ್ರಿಲ್ ಕೊನೆಯ ಬಿಸಿಲು ಹದವಾಗಿತ್ತು. ಗಾಳಿಯೇ ಇರಲಿಲ್ಲ. ಹಳೆಯ ಒಂಟಿ ಹಳಿ ಪಶ್ಚಿಮಕ್ಕೆ ಕಡಲಿನತ್ತ, ಪೂರ್ವಕ್ಕೆ ಕರಾಬುಲಾಕ್‌ನತ್ತ ಒಂದೇ ನೇರಕ್ಕೆ ಹೋಗಿತ್ತು. ಪಕ್ಕದಲ್ಲಿ ಎರಡನೇ ಹಳಿಗಾಗಿ ಏರಿಸಿದ ಹೊಸ ದಿಬ್ಬ. ಅದರ ಬುಡದಲ್ಲಿ ಚಿಪ್ಪುಗಲ್ಲಿನ ಪುಡಿ ಹಾಸಿದ ಬಿಳಿಯ ರಸ್ತೆ.

"ಈ ರಸ್ತೆ ಯಾವಾಗ ಆಯ್ತು?"

"ಚಳಿಗಾಲ ಮುಗಿಯೋ ಹೊತ್ತಿಗೆ. ಅದಕ್ಕೆ ಮುಂಚೆ ಇಲ್ಲಿಗೆ ಟ್ರಕ್ಕು ಬರೋ ಮಾತೇ ಇರಲಿಲ್ಲ. ಉಪ್ಪಿನ ಕೆಸರಲ್ಲಿ ಹೂತುಹೋಗ್ತಿತ್ತು." ಮರ್ಗುಲಾನ್ ಸಿಗರೇಟು ಹಚ್ಚಿದ. "ಗೊತ್ತು, ನೀನೇನು ಯೋಚಿಸ್ತಿದ್ದೀಯ ಅಂತ. ನನ್ನ ರಸ್ತೆ ಇಲ್ಲದಿದ್ರೆ ಕಳ್ಳತನ ಆಗ್ತಿರಲಿಲ್ಲ. ನಾನೂ ದಿನಾ ಅದನ್ನೇ ಯೋಚಿಸ್ತೀನಿ."

"ಗೇಟಿಗೆ ಬೀಗ ಇದೆಯಲ್ಲ."

"ಇದೆ. ಬೀಗದ ಕೈ ನನ್ನ ಹತ್ರ ಇದೆ. ಕಲ್ಲು ಸಾಗಿಸೋ ಡ್ರೈವರುಗಳ ಹತ್ರ ಇದೆ. ನೀನೇ ಹೇಳಿ ಕೆಲಸಕ್ಕೆ ಸೇರಿಸಿದ ನಿನ್ನ ತಮ್ಮನ ಹತ್ರಾನೂ ಇದೆ. ಎಲ್ಲರನ್ನೂ ಸಾಲಾಗಿ ಕಟ್ಟಿ ಎಳ್ಕೊಂಡು ಹೋಗ್ತೀಯಾ?"

ಮರ್ಗುಲಾನ್ ಹೊಗೆ ಬಿಟ್ಟು ಕಡಲಿನ ದಿಕ್ಕಿಗೆ ಕೈ ತೋರಿಸಿದ. ಇಲ್ಲಿಂದ ಕಡಲು ಕಾಣುವುದಿಲ್ಲ.

"ನೋಡು ಝಾಕೆ. ಹಡಗು ಆಚೆ ದಡದಿಂದ ಈಚೆ ದಡಕ್ಕೆ ಬರೋಕೆ ಎರಡು ದಿನ. ಅದೇ ಸಾಮಾನು ಬಂದರಿನ ಗೇಟು ದಾಟೋಕೆ ಇಪ್ಪತ್ತು ದಿನ. ಅಲ್ಲೇ ಕೊಳೆತು, ತುಕ್ಕು ಹಿಡಿದು, ಕೊನೆಗೆ ಲಾರಿಯಲ್ಲಿ ಕುಲುಕಾಡ್ಕೊಂಡು ಒಳನಾಡಿಗೆ ಹೋಗುತ್ತೆ. ಕರಾಬುಲಾಕ್‌ನಲ್ಲಿ ನಾವು ಕಡಲಿಲ್ಲದ ಬಂದರು ಕಟ್ಟಿದ್ದು ಯಾಕೆ? ಹಡಗಿಂದ ಇಳಿದದ್ದು ನೇರ ರೈಲಿಗೆ ಏರಲಿ, ಸುಂಕ ಗಿಂಕ ಎಲ್ಲ ಅಲ್ಲೇ ಮುಗೀಲಿ ಅಂತ. ಮುಂದಿನ ವಾರ ಮೇಲಿನವರು ಬರ್ತಾರೆ. ಈ ಕಳ್ಳತನ ಬಗೆಹರಿಯದಿದ್ರೆ ಎರಡನೇ ಹಳಿ ಕಾಗದದಲ್ಲೇ ಸಾಯುತ್ತೆ. ಬಂದರಿನ ಉಗ್ರಾಣದವರು ಮಿಠಾಯಿ ಹಂಚ್ತಾರೆ."

"ಅದಕ್ಕೆ ತೊಲ್ಕಿನ್‌ನ ಒಳಗೆ ಹಾಕಿದ್ರೆ ಬಗೆಹರಿದ ಹಾಗಾ?"

"ನಾನು ಹಾಗೆ ಹೇಳಿದ್ನಾ?"

"ಹೇಳಲಿಲ್ಲ."

"ಅವಳಿಗೆ ಒಬ್ಬ ಮಗ ಇದ್ದಾನೆ ಅಂತ ನಂಗೂ ಗೊತ್ತು." ಮರ್ಗುಲಾನ್ ಸಿಗರೇಟನ್ನು ಹಳಿಗೆ ಒತ್ತಿ ಆರಿಸಿದ. "ಬೇರೆ ಯಾರಾದ್ರೂ ಇದ್ರೆ ಹಿಡಿ. ಬೇಗ ಹಿಡಿ. ಅಷ್ಟೇ ನಾನು ಹೇಳೋದು. ಜೀಪಿಗೆ ಎಣ್ಣೆ ಹಾಕ್ತೀನಿ, ನಿನ್ನ ಕೆಲಸ ಮುಗಿಸ್ಕೊಂಡು ಬಾ."

ಅವನು ನಡೆದುಹೋದ. ಜೀಪಿನ ಹಿಂಬದಿಯಲ್ಲಿ ಅವನು ಬಂದರಿನಿಂದ ಹೊತ್ತು ತಂದ ನೀರಿನ ದೊಡ್ಡ ಕ್ಯಾನುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಈ ಕಡೆಗೆ ಬರುವವರೆಲ್ಲ ಹಾಗೇ ನೀರು ಹೊತ್ತು ತರುತ್ತಾರೆ. ಝಾಡಿಗೆರ್‌ನ ಚೀಲದಲ್ಲಿದ್ದ ಫ್ಲಾಸ್ಕ್‌ನಲ್ಲಿ ಮಾತ್ರ ಅರ್ಧವೇ ನೀರಿತ್ತು. ಬೆಳಿಗ್ಗೆ ಅದಕ್ಕೆ ಅಷ್ಟೇ ನೀರು ಹಾಕಿಕೊಟ್ಟವನು ತಮ್ಮ ಎಲ್ದೋಸ್. 'ಭಾರ ಯಾಕೆ ಹೊರ್ತೀಯ ಅಣ್ಣ, ಅಲ್ಲಿ ಬಾವಿ ನೀರು ಸಿಹಿ ಇರುತ್ತೆ' ಎಂದಿದ್ದ. ಎಲ್ದೋಸ್‌ಗೆ ಆರು ವರ್ಷವಿದ್ದಾಗ ತಂದೆ ತೀರಿಕೊಂಡರು. ಅಂದಿನಿಂದ ಝಾಡಿಗೆರ್ ಅವನಿಗೆ ಅನ್ನ ಹಾಕಿ, ಶಾಲೆಗೆ ಕಳಿಸಿ, ಟ್ರಕ್ಕು ಓಡಿಸಲು ಕಲಿಸಿದ. ಈಗ ಮನೆಯ ಸಣ್ಣಪುಟ್ಟ ಕಾಳಜಿಯೆಲ್ಲ ಆ ಹುಡುಗನದೇ.

ಝಾಡಿಗೆರ್ ಹಳಿಯ ಪಕ್ಕದಲ್ಲೇ ಮುದುಕನತ್ತ ನಡೆದ.

*

ಕುವಾಂಡಿಕ್ ಪಾಯಿಂಟಿನ ಬಳಿ ಮಂಡಿಯೂರಿ, ಹಳಿಯ ಸಂದಿನಿಂದ ಮರಳನ್ನು ಪೊರಕೆಯಲ್ಲಿ ತಳ್ಳುತ್ತಿದ್ದ. ಇವನು ಬಂದದ್ದು ತಿಳಿದರೂ ತಲೆಯೆತ್ತಲಿಲ್ಲ.

"ದಿನಾ ಗುಡಿಸ್ಬೇಕಾ?"

"ದಿನಾ. ಒಂದು ದಿನ ಬಿಟ್ರೆ ನಾಲಿಗೆ ಕೂರಲ್ಲ, ಗಾಡಿ ತಪ್ಪು ಹಳಿಗೆ ಹೋಗುತ್ತೆ. ಆ ದಿನ ಮಣ್ಣಿಗೆ ಹೋಗೋ ಮುಂಚೇನೂ ಗುಡಿಸಿದ್ದೆ. ಮರಳು ತುಂಬಿರಲಿಲ್ಲ. ಫೋನು ಮಾಡಿದವನು ಸುಳ್ಳು ಹೇಳಿದಾನೆ."

"ಗಾಳಿ ಎದ್ದಿತ್ತಲ್ಲ."

"ಆ ಗಾಳಿಗೆ ಇಷ್ಟು ಬೇಗ ತುಂಬಲ್ಲ. ಬೇಕಾದ್ರೆ ಪೊರಕೆ ಕೊಡ್ತೀನಿ, ನೀವೇ ಒಂದು ವಾರ ಇದ್ದು ನೋಡಿ."

ಝಾಡಿಗೆರ್ ಅವನೆದುರು ಕುಕ್ಕರುಗಾಲಲ್ಲಿ ಕೂತ. ಇವರ ಮನೆಯ ಉಪ್ಪು ತಿಂದು ಇನ್ನೂ ಕೈ ಒಣಗಿಲ್ಲ.

"ಅಕ್ಸಾಕಲ್, ಹಿರಿಯರು ನೀವು, ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಕೇಳಿ."

"ಕುರಿಯ ಎದೆ ಎಲ್ಲಿ?"

ಪೊರಕೆ ನಿಂತಿತು.

"ಏನು?"

"ಬೆಳಿಗ್ಗೆ ಇಡೀ ಕುರಿ ಕಡಿದ್ರಿ. ತಟ್ಟೆಯಲ್ಲಿ ಎದೆ ಇರಲಿಲ್ಲ."

"ನಾಯಿ ತಿಂತು."

"ನಾಯಿ ಕಟ್ಟಿಹಾಕಿದೆ."

"ಬೆಕ್ಕು."

"ಬೆಕ್ಕಿಲ್ಲ ನಿಮ್ಮ ಮನೆಯಲ್ಲಿ."

ಮುದುಕ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಅವನ ಗಡ್ಡದೊಳಗೆ ನಗುವಿನಂಥ ಏನೋ ಆಡಿತು. "ಊಟಕ್ಕೆ ಕರೆದ್ರೆ ಮೂಳೆ ಲೆಕ್ಕ ಹಾಕೋ ಅತಿಥಿ ನೀವೇ ಮೊದಲು."

"ಬಲ್‌ಝಾನ್‌ಗೆ ಮದುವೆ ಆಗಿದೆ. ಅಲ್ವಾ?"

ಕುವಾಂಡಿಕ್ ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಮನೆಯ ಹಿಂದಿನ ತಗ್ಗಿಗೆ ಇಳಿದ. ಅಲ್ಲಿ ಕಲ್ಲುಗಳ ನಡುವೆ ಮರದ ಮುಚ್ಚಳ. ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಒಣಗಿದ ಮುಳ್ಳುಗಿಡ. ತಿಳಿಯದವರು ಕಂಡರೆ ಕಸದ ರಾಶಿ ಎಂದುಕೊಂಡು ಮುಂದೆ ಹೋಗಬೇಕು. ಮುದುಕ ಎಲ್ಲ ಸರಿಸಿ, ಹಗ್ಗ ಬಿಟ್ಟು ನೀರು ಸೇದಿ, ಬಕೆಟ್ಟನ್ನು ಹಿಂದೆಯೇ ಬಂದು ಕೂತ ಝಾಡಿಗೆರ್‌ನ ಮುಂದಿಟ್ಟ.

"ಮೊದಲು ಕುಡೀರಿ."

ನೀರು ತಣ್ಣಗಿತ್ತು. ಉಪ್ಪಿನ ಸುಳಿವೇ ಇರಲಿಲ್ಲ.

"ಈ ಸುತ್ತಮುತ್ತ ಇರೋ ಬಾವಿಯೆಲ್ಲ ಉಪ್ಪು," ಎಂದ ಕುವಾಂಡಿಕ್. "ಇದೊಂದು ಸಿಹಿ. ಹೊರಗೆ ಯಾರಿಗೂ ಹೇಳಲ್ಲ ನಾವು. ಹೇಳಿದ್ರೆ ನಿಮ್ಮ ಎಂಜಿನಿಯರ್ ನಾಳೆನೇ ಟ್ಯಾಂಕರ್ ತರ್ತಾನೆ. ಒಂದು ಬೇಸಿಗೆಗೆ ಬತ್ತಿ ಹೋಗುತ್ತೆ. ರೈಲಿನವರಿಗೂ ಡ್ರಮ್ಮಿನ ನೀರೇ ಕೊಡ್ತೀವಿ. ಈ ಬಾವಿ ಮನೆಯವರಿಗೆ ಮಾತ್ರ ಗೊತ್ತು."

ಝಾಡಿಗೆರ್ ಬೊಗಸೆಯಲ್ಲಿ ಉಳಿದಿದ್ದ ನೀರನ್ನು ನೋಡಿದ. ಅದು ಬೆರಳ ಸಂದಿನಿಂದ ನಿಧಾನವಾಗಿ ಸೋರುತ್ತಿತ್ತು.

ಮನೆಯವರಿಗೆ ಮಾತ್ರ.

'ಭಾರ ಯಾಕೆ ಹೊರ್ತೀಯ ಅಣ್ಣ.'

"ಈಗ ಕುಡಿದ್ರಿ," ಮುದುಕನ ದನಿ ಮೆತ್ತಗಾಗಿತ್ತು. "ಈಗಲಾದ್ರೂ ಆ ಟೋಪಿ ತೆಗೀರಿ. ಬೆಳಿಗ್ಗೆಯಿಂದ ಕಾಯ್ತಿದ್ದೀನಿ ನಾನು. ಕುರಿ ತಂದು ನಿಲ್ಲಿಸಿದಾಗ ಮಾತಾಡ್ತೀರಾ ಅಂದ್ಕೊಂಡೆ. ತಲೆ ಮುಂದಿಟ್ಟಾಗ ಮಾತಾಡ್ತೀರಾ ಅಂದ್ಕೊಂಡೆ. ಟೀನೂ ಮುಗೀತು. ಜೊತೆಗೆ ಹೊರಗಿನವನೊಬ್ಬ ಇದ್ದಾನೆ, ಅದಕ್ಕೇ ಬಾಯಿ ಬಿಡ್ತಿಲ್ಲ ಅಂತ ನನ್ನ ಹೆಂಡತಿ ಅಂದ್ಳು. ಈಗ ನೋಡಿದ್ರೆ ಅಳಿಯ ಯಾರು ಅಂತ ನನ್ನನ್ನೇ ಕೇಳ್ತೀರಿ. ತಮಾಷೆನಾ?"

"ತಮಾಷೆ ಅಲ್ಲ."

"ಅಂದ್ರೆ?"

"ಅವನ ಹೆಸರು ನಿಮ್ಮ ಬಾಯಿಂದಲೇ ಬರಲಿ."

ಮುದುಕನ ಮುಖದಿಂದ ನಗು ಇಳಿಯಿತು. "ಎಲ್ದೋಸ್ ನಿಮಗೆ ಹೇಳೇ ಇಲ್ವಾ?"

ದೂರದಲ್ಲಿ ಮರ್ಗುಲಾನ್ ಜೀಪಿನ ಬಾನೆಟ್ಟು ಮುಚ್ಚಿದ ಸದ್ದು. ಝಾಡಿಗೆರ್ ಟೋಪಿ ತೆಗೆದ. ತೆಗೆದು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ.

"ಯಾವಾಗ?"

"ಮಾರ್ಚಲ್ಲಿ, ಹೊಸ ವರ್ಷದ ಹಬ್ಬ ಆದ ವಾರ. ಬಂದರಿನ ಕಚೇರಿಯಲ್ಲಿ ಇಬ್ಬರೇ ಹೋಗಿ ಸಹಿ ಹಾಕಿದ್ದಾರೆ. ನಮಗೂ ಆಮೇಲೇ ಗೊತ್ತಾಗಿದ್ದು. ನಾನು ಕೂಗಾಡಿದೆ. ಹುಡುಗ ಈ ಹೊಸ್ತಿಲಲ್ಲಿ ಮಂಡಿಯೂರಿ ಕೂತ, ಏಳಲಿಲ್ಲ. 'ನಂಗೆ ಅಪ್ಪ ಇಲ್ಲ, ಅಣ್ಣನೇ ಎಲ್ಲ. ಅಣ್ಣನೇ ಬಂದು ನಿಮ್ಮ ಹತ್ರ ಕ್ಷಮೆ ಕೇಳ್ತಾನೆ, ಸಂಬಂಧ ಮಾತಾಡ್ತಾನೆ. ಅಲ್ಲಿವರೆಗೂ ಎಲ್ಲೂ ಬಾಯಿ ಬಿಡಬೇಡಿ' ಅಂದ. ಬಿಡಲಿಲ್ಲ."

"ಪೊಲೀಸರ ಹತ್ರಾನೂ ಬಿಡಲಿಲ್ಲ."

"ಹೊರಗಿನವರು ಯಾರಾದ್ರೂ ಬಂದಿದ್ರಾ ಅಂತ ಅವರು ಕೇಳಿದ್ರು. ಬಂದಿಲ್ಲ ಅಂತ ಇಬ್ಬರೂ ಹೇಳಿದ್ವಿ. ಅಳಿಯ ಹೊರಗಿನವನಾ?" ಕುವಾಂಡಿಕ್ ಬಾವಿಯ ಕಲ್ಲಿನ ಮೇಲೆ ಕೂತ. ಅವನ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು. "ಯಾಕೆ ಹಾಗೆ ನೋಡ್ತೀರಿ? ಆ ಹುಡುಗ ಏನಾದ್ರೂ ಮಾಡಿದಾನಾ?"

ಝಾಡಿಗೆರ್‌ಗೆ ಉತ್ತರ ಹೇಳುವ ಅವಕಾಶ ಸಿಗಲಿಲ್ಲ. ಉಲ್ಪಾನ್ ಮನೆಯ ಹಿಂಬಾಗಿಲಿನಿಂದ ಎರಡೂ ಕೈಯಲ್ಲಿ ಮರದ ಬಟ್ಟಲು ಹಿಡಿದು ಬರುತ್ತಿದ್ದಳು. ಟೋಪಿ ತೆಗೆದಿದ್ದ ಅವನ ತಲೆ ಕಂಡಿದ್ದೇ ಮುಖ ಅರಳಿತು.

"ಮಾತಾಯ್ತಾ? ಆಯ್ತು ತಾನೆ? ದೇವರು ದೊಡ್ಡವನು." ಅವಳು ಅವನೆದುರು ಕೂತುಬಿಟ್ಟಳು. "ಏಳಬೇಡಿ ಬೀಗ್ರೇ. ಇದನ್ನ ತಿನ್ನದೆ ನೀವು ಹೋಗೋ ಹಾಗಿಲ್ಲ."

ಬಟ್ಟಲಲ್ಲಿ ಕುರಿಯ ಬಾಲದ ಕೊಬ್ಬು, ಅದರ ಜೊತೆ ತೆಳ್ಳಗೆ ಕೊಯ್ದ ಯಕೃತ್ತು. ಮೇಲೆ ಮೊಸರು.

ಆ ಎರಡನ್ನು ಒಟ್ಟಿಗೆ ಬೇರೆ ಯಾರಿಗೂ ಕೊಡುವುದಿಲ್ಲ. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಬ್ಬರ ಕೈಯಿಂದ ಒಬ್ಬರು ತಿಂದರೆ ಸಂಬಂಧ ಮುಗಿಯಿತು, ಮತ್ತೆ ಬಿಡಿಸಲು ಬರುವುದಿಲ್ಲ. ಝಾಡಿಗೆರ್ ಎಷ್ಟೋ ಮನೆಗಳಲ್ಲಿ, ಎಷ್ಟೋ ಜನ ನಗುತ್ತ, ಮೊಸರು ಮೆತ್ತಿದ ಮೀಸೆ ಒರೆಸಿಕೊಳ್ಳುತ್ತ ತಿನ್ನುವುದನ್ನು ನೋಡಿದ್ದ. ಎಲ್ದೋಸ್‌ನ ಮದುವೆಯಲ್ಲಿ ತಾನೂ ಹಾಗೇ ತಿನ್ನಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದ.

"ಅಪಾ..."

"ಬಾಯಿ ತೆಗೀರಿ."

ಅವನು ಬಾಯಿ ತೆರೆದ. ಮುದುಕಿಯ ಬೆರಳುಗಳು ಹಲ್ಲಿಗೆ ತಾಗಿದವು. ಕೊಬ್ಬು ಬಾಯಿತುಂಬ ಕರಗಿತು. ಕುವಾಂಡಿಕ್ ಮಾತ್ರ ನಗಲಿಲ್ಲ. ಅವನು ಝಾಡಿಗೆರ್‌ನ ಕಣ್ಣನ್ನೇ ನೋಡುತ್ತಿದ್ದ.

"ಎಷ್ಟು ಒಳ್ಳೆಯ ಹುಡುಗ," ಉಲ್ಪಾನ್‌ಳ ಮಾತು ಈಗ ಕಟ್ಟೆಯೊಡೆದಿತ್ತು. "ಆ ಗಾಳಿಯ ದಿನಾನೂ ನಾನೊಬ್ಬಳೇ ಇದೀನಿ ಅಂತ ಟ್ರಕ್ಕು ನಿಲ್ಲಿಸಿ ಬಂದ. ಟೀ ಕುಡಿದ. ನಾನು ಮರಿಗಳನ್ನ ಒಳಗೆ ಹಾಕೋಕೆ ಹೊರಟೆ. 'ಅಪಾ, ಅಣ್ಣನಿಗೊಂದು ಫೋನು ಮಾಡ್ಲಾ?' ಅಂದ. ಈ ಫೋನು ಬಂದರಿನವರಿಗೆ ಮಾತ್ರ ಹೋಗುತ್ತಲ್ಲಪ್ಪ ಅಂದೆ. 'ಅವರು ಅಣ್ಣನಿಗೆ ಕೊಡ್ತಾರೆ' ಅಂದ. ಮಾಡಪ್ಪ ಅಂದೆ. ಎಷ್ಟು ಪ್ರೀತಿ ನಿಮ್ಮ ಮೇಲೆ! ಮಾತಾಡಿದ್ನಲ್ಲ ನಿಮ್ಮ ಹತ್ರ, ಆ ಸಂಜೆ?"

ಝಾಡಿಗೆರ್ ಅಗಿಯುತ್ತಿದ್ದ. ಬಾಯಿ ತುಂಬಿದವನು ಮಾತಾಡಬೇಕಿಲ್ಲ. ಅದೊಂದು ಅನುಕೂಲ.

"ಕೇಳ್ತಿದ್ದಾಳೆ," ಎಂದ ಕುವಾಂಡಿಕ್ ಮೆಲ್ಲಗೆ. "ಮಾತಾಡಿದ್ನಾ?"

ಅವನು ಇನ್ನೂ ಅಗಿಯುತ್ತಿದ್ದ. ಮುದುಕ ಕಣ್ಣು ತಗ್ಗಿಸಿ, ಬಾವಿಗೆ ಮುಚ್ಚಳ ಎಳೆದ, ಕಂಬಳಿ ಹಾಸಿದ, ಮುಳ್ಳುಗಿಡವನ್ನು ಮೊದಲಿನ ಹಾಗೇ ಮೇಲಿಟ್ಟ.

ಹೊರಡುವಾಗ ಉಲ್ಪಾನ್ ಬಿಳಿಬಟ್ಟೆಯ ಗಂಟೊಂದನ್ನು ಅವನ ಚೀಲಕ್ಕೆ ತುರುಕಿದಳು. ಅದು ಏನೆಂದು ಬಿಚ್ಚಿ ನೋಡಬೇಕಾಗಿರಲಿಲ್ಲ. "ತಣ್ಣಗಾದ್ರೆ ಬಿಸಿ ಮಾಡಿಕೊಡಿ ಹುಡುಗನಿಗೆ," ಎಂದಳು. ಬೇಡವೆಂದರೂ ಕೇಳದೆ ಫ್ಲಾಸ್ಕನ್ನು ಕಿತ್ತುಕೊಂಡು, ಹಳೆಯ ನೀರು ಚೆಲ್ಲಿ, ಬಾವಿ ನೀರು ತುಂಬಿಸಿ ತಂದಳು. "ನೀವೂ ಇನ್ನು ಮನೆಯವರೇ."

*

ಬಿಳಿ ರಸ್ತೆಯಲ್ಲಿ ಜೀಪು ಪಶ್ಚಿಮಕ್ಕೆ ಓಡಿತು. ಮರ್ಗುಲಾನ್ ಗೇಟಿನ ಹತ್ತಿರ ಇಳಿದು ಬೀಗ ತೆಗೆದ, ಹಾಕಿದ.

"ಏನಂದ ಮುದುಕ?"

"ಪಾಯಿಂಟಿಗೆ ಮರಳು ತುಂಬಿರಲಿಲ್ಲ ಅಂದ."

"ಅದು ಹಳೇ ಮಾತು. ಗಂಟಲ್ಲಿ ಏನಿದೆ? ಘಮ ಹೊಡೀತಿದೆ."

"ಮಾಂಸ."

"ನಂಗೆ ಕಟ್ಟಿಕೊಡಲಿಲ್ಲ ನೋಡು. ಎಂಜಿನಿಯರ್ ಅಂದ್ರೆ ಯಾರಿಗೂ ಲೆಕ್ಕವೇ ಇಲ್ಲ."

ಝಾಡಿಗೆರ್ ಕಿಟಕಿಯ ಹೊರಗೆ ನೋಡಿದ. ಎದುರಿನಿಂದ ಕಲ್ಲು ಹೊತ್ತ ಟ್ರಕ್ಕುಗಳು ಬಂದವು. ಪ್ರತಿ ಟ್ರಕ್ಕು ಹತ್ತಿರವಾದಾಗಲೂ ಅವನು ಮುಂದೆ ಬಾಗಿ ಚಾಲಕನ ಮುಖ ಹುಡುಕಿದ. ಯಾವುದರಲ್ಲೂ ಎಲ್ದೋಸ್ ಇರಲಿಲ್ಲ. ಒಬ್ಬನೇ ಮಾಡಿದನೋ, ಯಾರಾದರೂ ಮಾಡಿಸಿದರೋ? ಯಂತ್ರಗಳು ಈಗ ಎಲ್ಲಿವೆ? ಪ್ರಶ್ನೆಗಳನ್ನು ಸಾಲಾಗಿ ನಿಲ್ಲಿಸುವುದು ಅವನಿಗೆ ಬರುತ್ತದೆ. ಎಲ್ಲದಕ್ಕೂ ಮುಂದೆ ನಿಂತ ಪ್ರಶ್ನೆ ಮಾತ್ರ ಪೊಲೀಸರದಾಗಿರಲಿಲ್ಲ. ನನಗೆ ಯಾಕೆ ಹೇಳಲಿಲ್ಲ?

ಬಂದರು ತಲುಪಿದಾಗ ಇನ್ನೂ ಬೆಳಕಿತ್ತು. ಕ್ರೇನುಗಳ ನೆರಳು ನೀರಿನ ಮೇಲೆ ಉದ್ದಕ್ಕೆ ಚಾಚಿತ್ತು. ಅಂಗಳದಲ್ಲಿ ಒಂದರ ಮೇಲೊಂದು ಏರಿ ಕೂತ ಕಂಟೇನರುಗಳು ರೈಲಿಗಾಗಿ ಕಾಯುತ್ತಿದ್ದವು. ಠಾಣೆಯಲ್ಲಿ ತೊಲ್ಕಿನ್‌ಳನ್ನು ಅವನ ಕೋಣೆಗೆ ಕರೆತಂದರು. ಅವಳು ಕೂದಲನ್ನು ಒದ್ದೆಮಾಡಿ ನೀಟಾಗಿ ಬಾಚಿಕೊಂಡಿದ್ದಳು. ಕೆಲಸಕ್ಕೆ ಹೊರಟವಳ ಹಾಗೆ.

"ಹೋಗಿಬಂದ್ರಾ ಅಣ್ಣಾ?"

"ಬಂದೆ."

"ಆ ಮನೆಯಲ್ಲಿ ಹುಡುಗರು ಯಾರಾದ್ರೂ ಇದ್ದಾರಾ?"

"ಮುದುಕ, ಮುದುಕಿ. ಇಬ್ಬರೇ."

ಅದು ಸುಳ್ಳಲ್ಲ. ಕುವಾಂಡಿಕ್‌ನ ಉತ್ತರಗಳೂ ಸುಳ್ಳಾಗಿರಲಿಲ್ಲ.

ಅವಳು ತಲೆಯಾಡಿಸಿದಳು. ಅಳಲಿಲ್ಲ. "ಸೋಮವಾರ ಕಳಿಸ್ತಾರಂತೆ. ನನ್ನ ಮಗನಿಗೆ ತರಬೇತಿಗೆ ಹೋಗ್ತಿದ್ದೀನಿ ಅಂತ ಹೇಳಿಸಿದೀನಿ. ಎಷ್ಟು ದಿನದ ತರಬೇತಿ ಅಂತ ಕೇಳಿದ್ನಂತೆ. ಏನು ಹೇಳಲಿ?"

ಝಾಡಿಗೆರ್ ಮೇಜಿನ ಮೇಲಿದ್ದ ಚೀಲವನ್ನು ತುಸು ಪಕ್ಕಕ್ಕೆ ಸರಿಸಿದ. ಬಿಳಿಬಟ್ಟೆಯ ಗಂಟಿನಿಂದ ಕೊಬ್ಬು ಇಳಿದು ಚೀಲದ ಮೇಲೆ ಕಲೆ ಮೂಡಿತ್ತು. ಕೈಗೆ ಏನಾದರೂ ಕೆಲಸ ಬೇಕಿತ್ತು. ಫ್ಲಾಸ್ಕ್ ತೆಗೆದು, ಲೋಟಕ್ಕೆ ನೀರು ಬಗ್ಗಿಸಿ ಅವಳ ಮುಂದಿಟ್ಟ.

ಅವಳು ಒಂದು ಗುಟುಕು ಕುಡಿದು ನಿಲ್ಲಿಸಿದಳು. ಮತ್ತೊಂದು ಗುಟುಕು ಕುಡಿದಳು.

"ಎಷ್ಟು ಸಿಹಿ! ಎಲ್ಲಿಯದಿದು?"

"ತಸ್‌ಕುದುಕ್‌ನದು."

"ಹೌದಾ? ಇಷ್ಟು ವರ್ಷ ಆ ಕ್ರಾಸಿಂಗಿನ ಜೊತೆ ದಿನಾ ಮಾತಾಡಿದೀನಿ, ಅಲ್ಲಿ ಬಾಯಿಗಿಡೋ ನೀರೇ ಇಲ್ಲ ಅಂತಿದ್ರು ಎಲ್ಲರೂ." ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನನ್ನು ನೋಡಿದಳು. "ಅಲ್ಲಿ ಸಿಹಿನೀರಿದೆ ಅಂತ ನಿಮಗೆ ಯಾರು ಹೇಳಿದ್ರು?"

ಹೇಳಿದ್ದು ಎಲ್ದೋಸ್. ಝಾಡಿಗೆರ್ ಅದನ್ನು ಅವಳಿಗೆ ಹೇಳಲಿಲ್ಲ.